ಪದಚರ್ಚೆ: ಪುಟ್ಟ ಗೇಮಿಂಗ್ ಕಂಪ್ಯೂಟರಿನ ‘ಕೂಲಿಂಗ್’ – ತಂಪು ಮಾಡುವುದಾ, ಬಿಸಿ ಆರಿಸುವುದಾ?

ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪತ್ರ ಸ್ವಲ್ಪ ಉದ್ದ ಆಗುತ್ತದೆ. ವಸ್ತು ಯಾವುದು, ಅದು ಮಾಡುವ ಕೆಲಸ ಏನು ಅಂತ ಕಣ್ಣಿಗೆ ಕಟ್ಟದೆ ಪದ ಹುಡುಕಲು ಹೋದರೆ ಸುಮ್ನೆ ನಿಘಂಟು ತಿರುವಿ ಹಾಕಿದ ಹಾಗಾಗುತ್ತದೆ ಅಷ್ಟೇ.

ನನ್ನ ಅಕ್ಕನ ಮಗ ರಾಯಚೂರಿನಲ್ಲಿ ಡಿಗ್ರಿ ಓದುತ್ತಿದ್ದಾನೆ. ದುಡ್ಡು ಕೂಡಿಟ್ಟು ಒಂದು ಪುಟ್ಟ ಗೇಮಿಂಗ್ ಕಂಪ್ಯೂಟರ್ ತಾನೇ ಜೋಡಿಸಿಕೊಂಡ. ನಾನು ಬೆಂಗಳೂರಿನಲ್ಲಿ ಕೂತು ವಾಟ್ಸಾಪಿನಲ್ಲಿ ಹೇಳುತ್ತಾ ಹೋದೆ, ಅವನು ಅಲ್ಲಿ ಮಾಡುತ್ತಾ ಹೋದ. ಇಬ್ಬರೂ ಕನ್ನಡ ಮೀಡಿಯಂನವರು, ಹಾಗಾಗಿ ಮಾತೆಲ್ಲ ಕನ್ನಡದಲ್ಲೇ. ಸ್ಕ್ರೂ, ಕೇಬಲ್, ಬೋರ್ಡ್ ಯಾವುದಕ್ಕೂ ತೊಡಕಾಗಲಿಲ್ಲ. ಫ್ಯಾನಿನ ಹತ್ತಿರ ಬಂದಾಗ ತೊಡಕಾಯಿತು.

“ಮೇಲಿನ ಎರಡು ಫ್ಯಾನ್ ಹೊರಮುಖವಾಗಿ ಹಾಕು” ಅಂತ ಬರೆದೆ. ಹಾಕಿದ. ಕಂಪ್ಯೂಟರ್ ಫ್ಯಾನ್ ನೋಡಿದವರಿಗೆ ಗೊತ್ತು, ಅದಕ್ಕೆ ಎರಡು ಮಗ್ಗುಲು. ಒಂದು ಕಡೆ ರೆಕ್ಕೆಗಳು ಪೂರ್ತಿ ತೆರೆದುಕೊಂಡು ಕಾಣುತ್ತವೆ. ಇನ್ನೊಂದು ಕಡೆ ಮೋಟಾರನ್ನು ಹಿಡಿದುಕೊಂಡ ಕಡ್ಡಿಗಳು ಅಡ್ಡ ಇರುತ್ತವೆ. ಗಾಳಿ ತೆರೆದ ಕಡೆಯಿಂದ ಹೊಕ್ಕು ಕಡ್ಡಿ ಇರುವ ಕಡೆಯಿಂದ ಬರುತ್ತದೆ. ಅವನು ತೆರೆದ ಕಡೆಯೇ ಫ್ಯಾನಿನ ಮುಖ ಅಂತ ತಿಳಿದು, ಆ ಮುಖವನ್ನೇ ಹೊರಗೆ ಮಾಡಿ ಕೂರಿಸಿದ. ಅವನು ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ನಾನು ಗಾಳಿಯ ಮುಖ ಹೇಳಿದ್ದೆ, ಅವನು ಫ್ಯಾನಿನ ಮುಖ ಕೇಳಿಸಿಕೊಂಡ.

ಆಟ ಶುರು ಮಾಡಿದ ಮೇಲೆ ಗ್ರಾಫಿಕ್ಸ್ ಕಾರ್ಡಿನ (ಆಟದ ಚಿತ್ರ ಮೂಡಿಸುವ ಬಿಡಿಭಾಗ) ಬಿಸಿ 83 ಡಿಗ್ರಿ ಮುಟ್ಟಿತು. ವಿಡಿಯೋ ಕಾಲ್ ಮಾಡಿದ. “ಮಾಮಾ, ಮ್ಯಾಗ ಕೈ ಇಟ್ಟೀನಿ, ಗಾಳಿನ ಬರವಲ್ದು” ಅಂದ. ಒಂದು ಹಳೆ ಬಸ್ ಟಿಕೆಟ್ ಜಾಲರಿಯ ಮೇಲೆ ಇಡು ಅಂದೆ. ಟಿಕೆಟ್ ಹಾರಲಿಲ್ಲ, ಜಾಲರಿಗೆ ಪಟ್ಟಂತ ಅಂಟಿಕೊಂಡು ಕೂತಿತು. ಮೇಲಿನ ಎರಡೂ ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತಿದ್ದವು. ಕಾರ್ಡಿನಿಂದ ಮೇಲಕ್ಕೆ ಏಳುವ ಬಿಸಿಗಾಳಿಯನ್ನು ತಲೆಯ ಮೇಲೆ ಹೊಡೆದು ಮತ್ತೆ ಕೆಳಗೆ ಕಳಿಸುತ್ತಿದ್ದವು. ಫ್ಯಾನ್ ತಿರುಗಿಸಿ ಹಾಕಿದ ಮೇಲೆ ಅದೇ ಆಟ, ಅದೇ ಕೋಣೆ, 76ಕ್ಕೆ ಇಳಿಯಿತು.

ಏಳು ಡಿಗ್ರಿ ವ್ಯತ್ಯಾಸ, ಅದೂ ಒಂದೇ ಒಂದು ಪದದಿಂದ. ಅವತ್ತಿನಿಂದ ಇದು ತಲೆಯಲ್ಲೇ ಕೂತಿದೆ.

ಮೊದಲು ವಸ್ತು ಎಷ್ಟು ದೊಡ್ಡದು ಅಂತ ಹೇಳಿಬಿಡುತ್ತೇನೆ. ಈ ಪುಟ್ಟ ಕಂಪ್ಯೂಟರ್ ಕಟ್ಟುವವರು ಪೆಟ್ಟಿಗೆಯ ಗಾತ್ರವನ್ನು ಲೀಟರಿನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 20 ಲೀಟರಿನ ಒಳಗಿದ್ದರೆ ಪುಟ್ಟದು. ಮನೆಗೆ ಬರುವ ಕುಡಿಯುವ ನೀರಿನ ಕ್ಯಾನ್ ಇದೆಯಲ್ಲ, ಅದೂ 20 ಲೀಟರೇ. ಎನ್‌ಕೇಸ್ ಎಂ1 ಅನ್ನುವ ಪೆಟ್ಟಿಗೆ 12.6 ಲೀಟರ್, ಡಾನ್ ಎ4 ಬರೀ 7.2 ಲೀಟರ್. ಒಳಗೆ ಕೂರುವುದು 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡ್. ದೊಡ್ಡ ಪೆಟ್ಟಿಗೆಯಲ್ಲಾದರೆ ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪು) ಮೇಲೆ 16 ಸೆಂಟಿಮೀಟರ್ ಎತ್ತರದ ಕೂಲರ್, ಅಂದರೆ ಅದರ ಬಿಸಿ ಕಳೆಯುವ ಲೋಹದ ಎಸಳು ಮತ್ತು ಫ್ಯಾನ್, ನಿಲ್ಲಿಸಬಹುದು. ಇಲ್ಲಿ ಕೆಲವು ಸಲ ನಾಲ್ಕು ಸೆಂಟಿಮೀಟರ್ ಜಾಗವೂ ಸಿಗುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಬೋರ್ಡ್ ಒಂದು ಮಗ್ಗುಲಿಗೆ, ಗ್ರಾಫಿಕ್ಸ್ ಕಾರ್ಡ್ ಇನ್ನೊಂದು ಮಗ್ಗುಲಿಗೆ, ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ನಮ್ಮ ಹುಡುಗನ ಕಾರ್ಡ್ ಆರ್‌ಟಿಎಕ್ಸ್ 4070, ಅದರ ಪಾಡಿಗೆ ಅದೇ 200 ವ್ಯಾಟ್. ಪ್ರೊಸೆಸರ್ 65 ವ್ಯಾಟಿನ ದರ್ಜೆಯದು. ಹಳೆ ಕಾಲದ 60 ವ್ಯಾಟಿನ ಬಲ್ಬ್ ನಾಲ್ಕನ್ನು ಒಂದು ಡಬ್ಬಿಯೊಳಗೆ ಹಚ್ಚಿಟ್ಟು ಮುಚ್ಚಳ ಹಾಕಿದಂತೆ.

ಈಗ ಪದಕ್ಕೆ ಬರೋಣ. ‘ಕೂಲಿಂಗ್’ ಅಂದರೆ ನಾವು ಏನಂತೀವಿ? ಪಠ್ಯಪುಸ್ತಕದ ಕನ್ನಡದಲ್ಲಿ ‘ಶೀತಲೀಕರಣ’ ಅಂತ ಬರುತ್ತದೆ, ‘ಶೈತ್ಯೀಕರಣ’ವೂ ಇದೆ. ಎರಡರಲ್ಲೂ ಶೀತ ಇದೆ. ಇಲ್ಲಿ ನನಗೆ ನಿಜವಾದ ತಕರಾರಿದೆ. ಪದ ಕಷ್ಟ ಅಂತ ಅಲ್ಲ, ಅರ್ಥವೇ ತಪ್ಪುತ್ತದೆ. ಫ್ರಿಜ್ ಮಾಡುವುದು ಶೈತ್ಯದ ಕೆಲಸ, ಕೋಣೆಗಿಂತ ತಣ್ಣಗೆ ಮಾಡುತ್ತದೆ. ಫ್ಯಾನ್ ಮತ್ತು ಲೋಹದ ಎಸಳುಗಳಿಂದ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲು ಆಗುವುದೇ ಇಲ್ಲ. ನೀರು ಸುತ್ತಿಸುವ ಕೂಲರ್ ಹಾಕಿದರೂ ಅಷ್ಟೇ, ಆ ನೀರಿನ ಬಿಸಿಯನ್ನು ಕೊನೆಗೆ ಕೋಣೆಯ ಗಾಳಿಗೇ ಕೊಡಬೇಕು. ಬೆಂಗಳೂರಿನ 28 ಡಿಗ್ರಿ ಕೋಣೆಯಲ್ಲಿ 70 ತೋರಿಸುವ ಚಿಪ್ಪು, ರಾಯಚೂರಿನ 40 ಡಿಗ್ರಿ ಕೋಣೆಯಲ್ಲಿ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಸುಮಾರು 82 ತೋರಿಸುತ್ತದೆ.

ಇದೇ ಮಾತನ್ನು ಅಡುಗೆಮನೆಯಲ್ಲಿ ನಾವು ದಿನಾ ಆಡುತ್ತೇವೆ. “ಕಾಫಿ ಆರಿ ಹೋಯ್ತು.” “ಹಾಲು ಆರಿಸಿ ಮಗುವಿಗೆ ಕೊಡು.” ಆರಿದ ಕಾಫಿ ಎಷ್ಟು ತಣ್ಣಗಾಗುತ್ತದೆ? ಕೋಣೆಯಷ್ಟು. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬಿಸಿ ತಾನಾಗಿ ಸುತ್ತಲಿನ ಗಾಳಿಗೆ ಹೋಗಿ ಸೇರುವುದು, ಸುತ್ತಲಿನ ಮಟ್ಟಕ್ಕೆ ಬಂದು ನಿಲ್ಲುವುದು, ಇದು ಪೂರ್ತಿ ‘ಆರು’ ಅನ್ನುವ ಒಂದು ಪದದೊಳಗೆ ಇದೆ. ಎರಡು ಲೋಟ ಹಿಡಿದು ಮೇಲಿಂದ ಕೆಳಗೆ ಸುರಿದು ಹಾಲು ಆರಿಸುವಾಗ ಅಮ್ಮ ಮಾಡುವುದೂ ಅದನ್ನೇ. ಹಾಲನ್ನು ತೆಳ್ಳಗೆ, ಉದ್ದಕ್ಕೆ ಎಳೆದು ಗಾಳಿಗೆ ಜಾಸ್ತಿ ಮೈ ತೋರಿಸುತ್ತಾಳೆ. ಚಿಪ್ಪಿನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕಿಗೆ ತೆಳ್ಳನೆ ಎಸಳುಗಳು ಇರುವುದೂ ಇದಕ್ಕೇ.

ಆದರೆ ತೊಡಕಿದೆ. “ಪ್ರೊಸೆಸರ್ ಆರಿಸುವುದು ಹೇಗೆ” ಅಂತ ಬರೆದರೆ ಎಲ್ಲರೂ ಓದುವುದು ಯಾವ ಪ್ರೊಸೆಸರ್ ಕೊಳ್ಳಬೇಕು ಅಂತ. “ಕಂಪ್ಯೂಟರ್ ಆರಿಸು” ಅಂದರೆ, ದೀಪ ಆರಿಸು ಅನ್ನುವ ಹಾಗೆ, ಆಫ್ ಮಾಡು ಅಂತ. ಬಟ್ಟೆಯೂ ಆರುತ್ತದೆ. ಹಳಗನ್ನಡದಲ್ಲಿ ತಣ್ಣಗಾಗುವ ‘ಆಱು’ ಶಕಟರೇಫದ್ದು, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ್ದು. ಆಯ್ದುಕೊಳ್ಳುವ ‘ಆರಿಸು’ ಬೇರೆಯೇ ಪದ. ಆ ಅಕ್ಷರ ಹೋದ ಮೇಲೆ ಎರಡೂ ಒಂದೇ ಥರ ಕೇಳುತ್ತವೆ.

ನನಗೆ ಹೊಳೆದ ದಾರಿ ಇದು. ಆರುವ ವಸ್ತುವಿನ ಹೆಸರು ಹೇಳದೆ, ಕಳೆಯುವ ಬಿಸಿಯ ಹೆಸರನ್ನೇ ಸೇರಿಸಿ ‘ಬಿಸಿಯಾರಿಸು’ ಅಂದರೆ? ಇದಕ್ಕೆ ನಮ್ಮಲ್ಲಿ ಒಡಹುಟ್ಟಿದವು ಆಗಲೇ ಇವೆ. ‘ದಣಿವಾರಿಸಿಕೊ’ ಅಂತೀವಿ. ಬಾಯಿ ಆರಿದರೆ ‘ಬಾಯಾರಿಕೆ’. ಹಾಗಿದ್ದರೆ ‘ಬಿಸಿಯಾರಿಕೆ’ ಕಿವಿಗೆ ಹೊಸದು ಅನ್ನಿಸಬಾರದು ಅಲ್ವಾ? “ಈ ಪೆಟ್ಟಿಗೆಯಲ್ಲಿ ಬಿಸಿಯಾರಿಕೆ ಚೆನ್ನಾಗಿದೆ” ಅಂತ ನಾನು ಹೇಳಿ ನೋಡಿದೆ, ಹುಡುಗ ತಡವರಿಸದೆ ಅರ್ಥ ಮಾಡಿಕೊಂಡ. ಕೂಲರ್ ಅನ್ನುವ ವಸ್ತುವಿಗೆ ಮಾತ್ರ ಕೂಲರ್ ಅಂತಲೇ ಇರಲಿ, ಅದನ್ನು ಕದಲಿಸುವುದು ಬೇಡ ಅನ್ನುವುದು ನನ್ನ ಅನಿಸಿಕೆ.

ಗಾಳಿಯ ವಿಷಯ. ‘ಏರ್‌ಫ್ಲೋ’ಗೆ ‘ವಾಯುಪ್ರವಾಹ’ ಅಂತ ಯಾರೂ ಮಾತಿನಲ್ಲಿ ಅನ್ನುವುದಿಲ್ಲ. ‘ಗಾಳಿಯಾಟ’ ಅನ್ನುತ್ತೇವೆ. “ಈ ಮನೆಯಲ್ಲಿ ಗಾಳಿಯಾಟ ಚೆನ್ನಾಗಿದೆ”, “ಅಡುಗೆಮನೆಗೆ ಗಾಳಿಯಾಟವೇ ಇಲ್ಲ”. ಗಾಳಿ ಬರಬೇಕು, ಹೋಗಲು ದಾರಿಯೂ ಇರಬೇಕು, ಎರಡೂ ಆ ‘ಆಟ’ದಲ್ಲಿ ಇವೆ. ಕಿಟಕಿ ಒಂದೇ ಕಡೆ ಇರುವ ಕೋಣೆಗೆ ನಾವು ಗಾಳಿಯಾಟ ಇದೆ ಅನ್ನುವುದಿಲ್ಲ. ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಕಷ್ಟ ಇರುವುದು ಗಾಳಿಯ ದಿಕ್ಕಿನಲ್ಲಿ. ‘ಒಳಗಾಳಿ, ಹೊರಗಾಳಿ’ ಅಂತ ಮೊದಲು ಯೋಚಿಸಿದೆ. ಆದರೆ ಹೊರಗಾಳಿ ಅಂದರೆ ಹೊರಗಿನ ಗಾಳಿ ಅಂತಲೂ ಆಗುತ್ತದೆ, ಹೊರಗಿನ ಗಾಳಿಯನ್ನು ತಾನೇ ಒಳಗೆ ಎಳೆಯುವುದು! ಮತ್ತೆ ಹೊರಮುಖದ್ದೇ ಕಥೆ. ಹೆಸರುಪದ ಬಿಟ್ಟು ಕ್ರಿಯಾಪದ ಹಿಡಿದರೆ ಗೊಂದಲ ಇಲ್ಲ. ‘ಒಳಗೆಳೆಯುವ ಫ್ಯಾನ್’, ‘ಹೊರದಬ್ಬುವ ಫ್ಯಾನ್’. ಹೊರದಬ್ಬು ಅನ್ನುವುದರಲ್ಲಿ ಬಲವೂ ಇದೆ, ದಿಕ್ಕೂ ಇದೆ. ಇದಕ್ಕಿಂತ ಚಿಕ್ಕದು ಗೊತ್ತಿದ್ದರೆ ಹೇಳಿ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಫ್ಯಾನಿನ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ನಾಕ್ಟುವಾ ಕಂಪನಿಯ 25 ಮಿಲಿಮೀಟರ್ ದಪ್ಪದ ಎ12 ಫ್ಯಾನ್ ತೆಗೆದುಕೊಳ್ಳಿ, ಗಂಟೆಗೆ 102.1 ಘನ ಮೀಟರ್ ಗಾಳಿ ಅಂತ ಒಂದು, 2.34 ಮಿಲಿಮೀಟರ್ ನೀರು ಅಂತ ಇನ್ನೊಂದು. ಮೊದಲನೆಯದು ಎದುರಿಗೆ ಏನೂ ಅಡ್ಡ ಇಲ್ಲದಾಗ ಎಷ್ಟು ಗಾಳಿ ಸಾಗಿಸುತ್ತದೆ ಅನ್ನುವ ಲೆಕ್ಕ. ಎರಡನೆಯದು ದಾರಿ ಪೂರ್ತಿ ಮುಚ್ಚಿದಾಗ ಎಷ್ಟು ಒತ್ತುತ್ತದೆ ಅನ್ನುವುದು, ಅಷ್ಟು ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟು ಒತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲ. ದೊಡ್ಡ ಪೆಟ್ಟಿಗೆಗೆ ಮೊದಲನೆಯದು ಮುಖ್ಯ. ಪುಟ್ಟ ಪೆಟ್ಟಿಗೆಯಲ್ಲಿ ಫ್ಯಾನಿನ ಮೂಗಿನ ಮುಂದೆಯೇ ಧೂಳಿನ ಜಾಲರಿ, ಒತ್ತೊತ್ತಾದ ಎಸಳು, ಕೇಬಲ್ ಗಂಟು, ಎಲ್ಲ ಅಡ್ಡ ಇರುತ್ತವೆ. ಅಲ್ಲಿ ಎರಡನೆಯದು ಬೇಕು.

ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ‘ಸ್ಟ್ಯಾಟಿಕ್ ಪ್ರೆಶರ್’ ಅಂತಾರೆ, ಅದನ್ನು ‘ಸ್ಥಿರ ಒತ್ತಡ’ ಅಂತ ಅನುವಾದಿಸಿದವರಿದ್ದಾರೆ. ಹುಡುಗನಿಗೆ ಹೇಳಿದೆ, ತಲೆ ಆಡಿಸಿದ, ಅರ್ಥ ಆಗಲಿಲ್ಲ. ಆಗ ಅಜ್ಜಿಯ ಮನೆಯ ಸೌದೆ ಒಲೆ ನೆನಪಾಯಿತು. ಅಲ್ಲಿ ಎರಡು ಸಾಮಾನು ಇದ್ದವು. ಒಂದು ಬೀಸಣಿಗೆ, ಇನ್ನೊಂದು ಊದುಕೊಳವೆ. ಹೊಗೆ ಚದುರಿಸಲು, ಮೈಗೆ ಗಾಳಿ ಹಾಕಿಕೊಳ್ಳಲು ಬೀಸಣಿಗೆ. ಬೂದಿಯ ಅಡಿಯಲ್ಲಿ, ಸೌದೆಯ ಸಂದಿಯಲ್ಲಿ ಅಡಗಿರುವ ಕೆಂಡಕ್ಕೆ ಗಾಳಿ ಮುಟ್ಟಿಸಬೇಕಾದರೆ ಊದುಕೊಳವೆಯೇ ಬೇಕು, ಬೀಸಣಿಗೆಯಿಂದ ಎಷ್ಟು ಬೀಸಿದರೂ ಬೂದಿ ಹಾರುತ್ತದೆ ಹೊರತು ಕೆಂಡ ಏಳುವುದಿಲ್ಲ. ಬೀಸುವುದು ಹರವಿಗೆ, ಊದುವುದು ಸಂದಿಗೆ. “ನಿನ್ನ ಪೆಟ್ಟಿಗೆಗೆ ಬೀಸುವ ಫ್ಯಾನ್ ಬೇಡ, ಊದುವ ಫ್ಯಾನ್ ತಗೋ” ಅಂದೆ. ಆಮೇಲೆ ಅವನೇ ಅಂಗಡಿಗೆ ಫೋನ್ ಮಾಡಿ, ಎಸಳು ಒತ್ತಾಗಿರುವ ಕೂಲರಿಗೆ ಯಾವುದು ಚೆನ್ನಾಗಿ ಊದುತ್ತದೆ ಅಂತ ಕೇಳಿದನಂತೆ. ಹಾಗಾಗಿ ‘ಬೀಸುಬಲ’, ‘ಊದುಬಲ’ ಅಂತ ಎರಡು ಪದ ನಿಮ್ಮ ಮುಂದೆ ಇಡುತ್ತಿದ್ದೇನೆ. ಕಮ್ಮಾರರ ತಿದಿಯ ಬಗ್ಗೆ ಗೊತ್ತಿರುವವರು ಇದ್ದರೆ, ತಿದಿ ಎಷ್ಟು ಜೋರಾಗಿ ಊದುತ್ತದೆ ಅನ್ನುವುದಕ್ಕೆ ಅವರ ಕಡೆ ಬೇರೆ ಮಾತು ಇದೆಯಾ ಅಂತ ದಯವಿಟ್ಟು ತಿಳಿಸಿ. ಅದು ಸಿಕ್ಕಿದರೆ ನನ್ನ ಪದಕ್ಕಿಂತ ಅದೇ ಮೇಲು.

‘ಪಾಸಿಟಿವ್ ಪ್ರೆಶರ್’ ಮಾತ್ರ ನನಗೆ ಬಗೆಹರಿದಿಲ್ಲ. ಒಳಗೆ ಎಳೆಯುವ ಗಾಳಿ ಹೊರಗೆ ದಬ್ಬುವುದಕ್ಕಿಂತ ಜಾಸ್ತಿ ಇದ್ದರೆ ಪೆಟ್ಟಿಗೆ ತುಂಬಿಕೊಂಡಿರುತ್ತದೆ, ಸಂದಿಗಳಿಂದ ಗಾಳಿ ಹೊರಗೆ ಸೋರುತ್ತದೆ, ಧೂಳು ಜಾಲರಿ ದಾಟಿಯೇ ಬರಬೇಕು. ತಿರುಗಾ ಮುರುಗಾ ಆದರೆ ಪ್ರತಿ ಸಂದಿಯಿಂದಲೂ ಧೂಳು ಹೀರಿಕೊಳ್ಳುತ್ತದೆ. ‘ಧನಾತ್ಮಕ, ಋಣಾತ್ಮಕ’ ಅಂದರೆ ಒಂದು ಒಳ್ಳೆಯದು ಇನ್ನೊಂದು ಕೆಟ್ಟದ್ದು ಅನ್ನುವ ಭಾವನೆ ಬರುತ್ತದೆ. ಹಾಗೇನೂ ಇಲ್ಲ, ಬಿಸಿಯಾರಿಕೆಗೆ ಕೆಲವು ಪುಟ್ಟ ಪೆಟ್ಟಿಗೆಗಳಲ್ಲಿ ಎರಡನೆಯದೇ ಚೆನ್ನಾಗಿ ಕೆಲಸ ಮಾಡುತ್ತದೆ. ‘ತುಂಬುಗಾಳಿ’, ‘ಹೀರುಗಾಳಿ’ ಅಂತ ಗೀಚಿಟ್ಟಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಕೊನೆಯದಾಗಿ ಬಿಸಿಯ ಬಗೆಗಳು. ಇಂಗ್ಲಿಷಿನಲ್ಲಿ ಕಂಪ್ಯೂಟರಿನ ಮಾತು ಬಂದಾಗ ಹೆಚ್ಚಾಗಿ ಎಲ್ಲಕ್ಕೂ ಹೀಟ್ ಅಂತಲೇ ಅನ್ನುತ್ತಾರೆ. ನಮ್ಮಲ್ಲಿ ಹಾಗಲ್ಲ. ಚಿಪ್ಪಿನ ಮೈಯಲ್ಲಿ ಇರುವುದು ‘ಕಾವು’. ಮೇಲಿನ ಜಾಲರಿಯಿಂದ ಬಂದು ಅಂಗೈಗೆ ಹೊಡೆಯುವುದು ‘ಝಳ’. ಈ ಎರಡರಲ್ಲಿ ನನಗೆ ಅನುಮಾನ ಇಲ್ಲ. ಒಳಗೆ ಸಿಕ್ಕಿಕೊಂಡು, ಹೋಗಲು ದಾರಿಯಿಲ್ಲದೆ, ಎಲ್ಲ ಬಿಡಿಭಾಗಗಳನ್ನೂ ನಿಧಾನಕ್ಕೆ ಬೇಯಿಸುವ ಗಾಳಿಗೆ ಏನನ್ನೋಣ? ‘ಸೆಕೆ’ ಅನ್ನೋಣ ಅಂದರೆ ಮಂಗಳೂರಿನ ಗೆಳೆಯ, ಸೆಕೆಯಲ್ಲಿ ಬೆವರು ಬೇಕು, ಒಣ ಪೆಟ್ಟಿಗೆಗೆ ಅದು ಹೊಂದುವುದಿಲ್ಲ ಅಂದ. ‘ಧಗೆ’ ಬಯಲಿನದು, ಮುಚ್ಚಿದ ಜಾಗದ್ದಲ್ಲ. ಅಕ್ಕನ ಮಗನನ್ನು ಕೇಳಿದರೆ “ಒಳಗ ಕುದಿ ಹಿಡದೈತಿ” ಅಂದ. ಗಾಳಿ ಅಲ್ಲಾಡದೆ ಬಿಸಿ ಕಟ್ಟಿಕೊಂಡದ್ದಕ್ಕೆ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರೂ ‘ಕುದಿ’ ಅಂತಲೇ ಅನ್ನುತ್ತೀರಾ? ಮಲೆನಾಡಿನಲ್ಲಿ, ಕೋಲಾರದ ಕಡೆ ಏನಂತೀರಿ? ಅವನು ಬರುವ ಭಾನುವಾರ ಕೇಬಲ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುವವನಿದ್ದಾನೆ. ಅಷ್ಟರೊಳಗೆ ಯಾರಾದರೂ ಬರೆದರೆ ಈ ಸಲ ಸರಿಯಾದ ಪದದಲ್ಲೇ ಹೇಳಿಕೊಡುತ್ತೇನೆ.