ಅಮ್ಮನ ಸೊಂಟನೋವಿಗೆ ಅಕ್ಯುಪಂಕ್ಚರ್ ಮಾಡಿಸಬಹುದಾ?

ವೀಣಾ: ಅಮ್ಮನಿಗೆ 62 ವರ್ಷ. ಸೊಂಟನೋವು ಶುರುವಾಗಿ ಆರು ವರ್ಷ ಆಯಿತು. ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉರಿ. ಅಕ್ಯುಪಂಕ್ಚರ್ ಮಾಡಿಸಿ, ಐದು ಸಾವಿರ ವರ್ಷದ ಚೀನೀ ವಿದ್ಯೆ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ನಂಬಬಹುದಾ?

ಗಿರೀಶ್: ಐದು ಸಾವಿರ ವರ್ಷ ಅನ್ನೋದು ಹಳದಿ ಚಕ್ರವರ್ತಿ ಎಂಬ ಪುರಾಣಪುರುಷನ ಲೆಕ್ಕ ಮೇಡಂ. ಅವನ ಹೆಸರಿನಲ್ಲಿರುವ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥ ಸುಮಾರು ಎರಡು ಸಾವಿರ ವರ್ಷ ಹಳೆಯದು. ಸೂಜಿ ಚಿಕಿತ್ಸೆಯ ವಿವರ ಅದರಲ್ಲಿ ಸಿಗುತ್ತದೆ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿ ಇದೆ. 1973ರಲ್ಲಿ ಅಗೆದಾಗ ಅದರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯದ ಬರಹಗಳು ಸಿಕ್ಕವು. ಮೈಯೊಳಗಿನ ಹನ್ನೊಂದು ನಾಳಗಳ ವಿವರ ಅವುಗಳಲ್ಲಿದೆ. ನಾಳದ ಮೇಲೆ ಸುಡುವ ಚಿಕಿತ್ಸೆಯೂ ಇದೆ. ಸೂಜಿ ಚುಚ್ಚುವ ಮಾತು ಮಾತ್ರ ಇಲ್ಲ. ಮೊದಲು ಬೆಂಕಿ, ಆಮೇಲೆ ಸೂಜಿ ಬಂದಿರಬೇಕು ಅಂತ ನನಗನ್ನಿಸುತ್ತದೆ. ಇವತ್ತಿಗೂ ಸುಡಲು ಬಳಸುವ ಸೊಪ್ಪು ನಮ್ಮ ಮಾಚಿಪತ್ರೆಯ ಜಾತಿಯದೇ.

ಇನ್ನೊಂದು ಸಂಗತಿ ಹೇಳಲೇಬೇಕು. ವಾಂಗ್ ವೇಯ್‌ಯಿ ಎಂಬ ಆಸ್ಥಾನ ವೈದ್ಯ 1027ರಲ್ಲಿ ಆಳೆತ್ತರದ ಕಂಚಿನ ಗೊಂಬೆ ಮಾಡಿಸಿದ. ಸೂಜಿ ಚುಚ್ಚಬೇಕಾದ ಬಿಂದು ಇದ್ದಲ್ಲೆಲ್ಲ ತೂತು. ಪರೀಕ್ಷೆಯ ದಿನ ಹೊರಗೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಸರಿಯಾದ ಜಾಗಕ್ಕೆ ಸೂಜಿ ಹೋದರೆ ನೀರು ಜಿನುಗಬೇಕು!

ಪ್ರಕಾಶ್: ಚೆನ್ನಾಗಿ ಹೇಳಿದಿರಿ ಸರ್. ಆದರೆ ಹಳೆಯದು ಅಂದಮಾತ್ರಕ್ಕೆ ನಿಜ ಆಗಲ್ಲ ಅಲ್ವಾ? 'ಚಿ' ಎಂಬ ಶಕ್ತಿ ಹನ್ನೆರಡು ಮುಖ್ಯ ನಾಳಗಳಲ್ಲಿ ಹರಿಯುತ್ತದೆ, ಕಟ್ಟಿಕೊಂಡರೆ ನೋವು, ಬಿಡಿಸಿದರೆ ಗುಣ ಅನ್ನೋದು ಅವರ ತತ್ವ. ಹೆಣ ಕೊಯ್ದು ನೋಡಿದರೆ ನರ ಸಿಗುತ್ತದೆ, ರಕ್ತನಾಳ ಸಿಗುತ್ತದೆ, ಇದು ಸಿಗುವುದಿಲ್ಲ. ಜರ್ಮನಿಯಲ್ಲಿ ಸೊಂಟನೋವಿನ 1162 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಬಿಂದು ನೋಡಿ ಚುಚ್ಚಿದವರಲ್ಲಿ ಆರು ತಿಂಗಳ ನಂತರ ಶೇ. 47.6 ಜನಕ್ಕೆ ಗುಣ ಕಂಡಿತ್ತು. ಬಿಂದು ಬಿಟ್ಟು ಬೇರೆಲ್ಲೋ ಮೇಲೆಮೇಲೆ ಚುಚ್ಚಿದವರಲ್ಲಿ ಶೇ. 44.2. ಹಾಗಾದರೆ ಆ ಗೊಂಬೆಯ ತೂತುಗಳಿಗೆ ಏನು ಬೆಲೆ?

ಸಹನಾ: ಅದೇ ಪರೀಕ್ಷೆಯ ಮೂರನೇ ಗುಂಪನ್ನು ಬಿಟ್ಟುಬಿಟ್ಟಿರಿ ಪ್ರಕಾಶ್ ಸರ್. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ ಕೊಟ್ಟವರಲ್ಲಿ ಗುಣ ಕಂಡಿದ್ದು ಶೇ. 27.4 ಮಾತ್ರ. ಚುಚ್ಚುವ ಜಾಗ ಅಷ್ಟೇನೂ ಮುಖ್ಯವಲ್ಲ ಅನ್ನುವುದನ್ನು ಒಪ್ಪುತ್ತೇನೆ. ಸೂಜಿಯಿಂದ ಏನೂ ಆಗಲ್ಲ ಅಂದರೆ ಒಪ್ಪಲಾರೆ.

ನಾನು ಎಂಬಿಬಿಎಸ್ ಓದಿದ್ದು ಚೀನಾದಲ್ಲಿ. ಅಲ್ಲಿ ನಮಗೂ ಚೀನೀ ವೈದ್ಯದ ಒಂದು ಪೇಪರ್ ಇತ್ತು. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮುಂಭಾಗದ ಮೂಳೆಯಿಂದ ಒಂದು ಬೆರಳು ಹೊರಕ್ಕೆ ಜುಸಾನ್‌ಲಿ ಬಿಂದು. ಮೇಷ್ಟ್ರು ನನ್ನ ಕಾಲಿಗೇ ಚುಚ್ಚಿ ತೋರಿಸಿದರು. ಸೂಜಿ ಕಾಲು ಮಿಲಿಮೀಟರ್ ದಪ್ಪ, ಚರ್ಮ ದಾಟುವಾಗ ಇರುವೆ ಕಚ್ಚಿದಷ್ಟು ನೋವು. ಅವರು ಅದನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದಾಗ ಒಳಗೆ ಒಂಥರಾ ಭಾರ, ಸೆಳೆತ. ಜೋಮು ಹಿಡಿದ ಹಾಗೆ ಪಾದದ ಕಡೆ ಇಳಿಯಿತು. ಇದಕ್ಕೆ 'ದೆಚಿ', ಅಂದರೆ ಚಿ ಬಂತು ಅನ್ನುತ್ತಾರೆ. ನನ್ನ ಪ್ರಕಾರ ಅದು ನರಗಳದ್ದೇ ಕೆಲಸ.

ಪ್ರಕಾಶ್: ಮೂರನೇ ಗುಂಪಿನ ಮಾತು ಹೇಳಬೇಕಿತ್ತು, ತಪ್ಪು ನನ್ನದೇ. ಆದರೆ ತಮಗೆ ಸೂಜಿ ಸಿಗಲಿಲ್ಲ ಅಂತ ಆ ಗುಂಪಿನವರಿಗೆ ಗೊತ್ತಿತ್ತು. ವಾರಕ್ಕೆರಡು ಸಲ, ಅರ್ಧ ಗಂಟೆ ಒಬ್ಬರು ಮೈಮುಟ್ಟಿ ಗಮನ ಕೊಟ್ಟರೆ ಅದರಿಂದಲೂ ನೋವು ತಗ್ಗುತ್ತದೆ.

ಮಂಜುನಾಥ್: ಅಮೆರಿಕದ ಪತ್ರಕರ್ತರೊಬ್ಬರಿಗೆ ಬರೀ ಸೂಜಿ ಚುಚ್ಚಿ ಅಪೆಂಡಿಕ್ಸ್ ತೆಗೆದರಂತಲ್ಲ? ಅದಕ್ಕೇನು ಹೇಳುತ್ತೀರಿ?

ಗಿರೀಶ್: ಅದು ತಪ್ಪಾಗಿ ಹಬ್ಬಿದ ಕಥೆ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಆಪರೇಷನ್ ಆಯಿತು. ಮರಗಟ್ಟಿಸಲು ಮಾಮೂಲಿ ಇಂಜೆಕ್ಷನ್ನೇ ಕೊಟ್ಟಿದ್ದರು. ಸೂಜಿ ಚುಚ್ಚಿದ್ದು ಆಮೇಲಿನ ಹೊಟ್ಟೆ ಉಬ್ಬರಕ್ಕೆ. ಅವರೇ ಹಾಗೆ ಬರೆದಿದ್ದಾರೆ. ಚೀನಾದಲ್ಲೂ ಇದಕ್ಕೆ ಎಲ್ಲ ಕಾಲದಲ್ಲೂ ಮರ್ಯಾದೆ ಇರಲಿಲ್ಲ. 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿ ರಾಜವೈದ್ಯರ ಸಂಸ್ಥೆಯಿಂದ ಇದನ್ನು ತೆಗೆಸಿಬಿಟ್ಟ. ಮತ್ತೆ ಮೇಲೆತ್ತಿದ್ದು ಮಾವೋ ಸರ್ಕಾರ, ಹಳ್ಳಿಗಳಿಗೆ ಡಾಕ್ಟರುಗಳೇ ಸಾಲದಿದ್ದ ಕಾಲದಲ್ಲಿ.

ನಾಗರತ್ನ: ವೀಣಾ, ನಮ್ಮ ಯಜಮಾನರಿಗೆ ಮಂಡಿನೋವಿಗೆ ಮಾಡಿಸಿದ್ದೆವು. ನೋವು ನಿಜವಾಗಿಯೂ ಕಡಿಮೆಯಾಯಿತು. ಆದರೆ ಸೂಜಿಯಲ್ಲೇ ಶುಗರ್ ಸರಿಮಾಡುತ್ತೇನೆ, ಮಾತ್ರೆ ಬಿಡಿ ಅಂದರು. ನಂಬಿ ಬಿಟ್ಟೆವು. ಮೂರೇ ವಾರಕ್ಕೆ ಆಸ್ಪತ್ರೆ ಸೇರಿಸಬೇಕಾಯಿತು. ಸೂಜಿ ಬೇಕಾದರೆ ಚುಚ್ಚಿಸು, ಅಮ್ಮನ ಮಾತ್ರೆ ಮಾತ್ರ ಬಿಡಿಸಬೇಡ ಕಣಮ್ಮ.

ವೀಣಾ: ಎಲ್ಲರಿಗೂ ಥ್ಯಾಂಕ್ಸ್. ಸಹನಾ ಮೇಡಂ, ಅಮ್ಮ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ. ತೊಂದರೆ ಇದೆಯಾ?

ಸಹನಾ: ಇದೆ. ಅದನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಹೋಗಬೇಡಿ, ಚುಚ್ಚುವವರಿಗೂ ಮೊದಲೇ ಹೇಳಿ. ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಒಂದು ಸಲ ಬಳಸಿ ಎಸೆಯಬೇಕು. ಎದೆಗೆ, ಬೆನ್ನ ಮೇಲ್ಭಾಗಕ್ಕೆ ಆಳವಾಗಿ ಚುಚ್ಚಿ ಶ್ವಾಸಕೋಶ ತೂತಾದದ್ದೂ ಇದೆ, ಹಾಗಾಗಿ ಸರಿಯಾಗಿ ಕಲಿತವರ ಹತ್ತಿರವೇ ಹೋಗಿ. ಹತ್ತು ಸಲ ಆದಮೇಲೂ ಅಮ್ಮನಿಗೆ ಏಳೋದು, ಕೂರೋದು ಸುಲಭ ಆಗದಿದ್ದರೆ ನಿಲ್ಲಿಸಿಬಿಡಿ.