ಸಹಾಯ ಬೇಕು: ಭಡ್ಲಾ ಕಡೆ ಪ್ಯಾನೆಲ್‌ಗಳ ಕೆಳಅಂಚಿನಲ್ಲಿ ಗಟ್ಟಿಯಾಗುವ ಧೂಳು

ನಮಸ್ಕಾರ. ರಾಜಸ್ಥಾನದ ಭಡ್ಲಾ ಸುತ್ತಮುತ್ತ ಸೋಲಾರ್ ಪ್ಲಾಂಟ್ ಮೇಂಟೆನೆನ್ಸ್ ನೋಡಿಕೊಳ್ಳುವ ಕನ್ನಡಿಗರಿದ್ದರೆ ದಯವಿಟ್ಟು ಉತ್ತರಿಸಿ.

ಒಣ ಬ್ರಷ್ ರೋಬೋಟ್ ದಿನಾ ರಾತ್ರಿ ಓಡುತ್ತದೆ. ಸಡಿಲ ಧೂಳು ಹೋಗುತ್ತದೆ, ಆದರೆ ಕೆಳಗಿನ ಫ್ರೇಮಿಗೆ ತಾಗಿದಂತೆ ಎರಡು ಬೆರಳಗಲದ ಬೂದು ಪಟ್ಟಿ ಹಾಗೇ ಉಳಿಯುತ್ತದೆ. ಉಗುರಿನಿಂದ ಕೆರೆದರೆ ಸುಣ್ಣದ ಹಕ್ಕಳೆಯಂತೆ ಏಳುತ್ತದೆ. ಬೆಳಗಿನ ಜಾವದ ಇಬ್ಬನಿ ಧೂಳನ್ನು ಅಂಚಿಗೆ ಇಳಿಸುತ್ತದೆ; ಬಿಸಿಲೇರಿದಾಗ ನೀರು ಆರಿ, ಕರಗಿದ ಉಪ್ಪು ಕಣಗಳನ್ನು ಗಾಜಿಗೆ ಬೆಸೆದುಬಿಡುತ್ತದೆ. ಸಮನಾಗಿ ಹರಡಿದ ಧೂಳಿಗಿಂತ ಇದು ಕೆಟ್ಟದ್ದು. ಪ್ಯಾನೆಲ್‌ನ ಉದ್ದ ಬದಿ ಮೇಲೆ-ಕೆಳಗೆ ಬರುವಂತೆ ನಿಂತಿರುವುದರಿಂದ ಕೆಳಸಾಲಿನ ಸೆಲ್‌ಗಳೆಲ್ಲ ಒಟ್ಟಿಗೆ ನೆರಳಿಗೆ ಬೀಳುತ್ತವೆ, ಬೈಪಾಸ್ ಡಯೋಡ್ (ನೆರಳಾದ ಸೆಲ್‌ಗಳನ್ನು ಬಳಸಿ ದಾಟಿ ಕರೆಂಟ್ ಹರಿಸುವ ಭಾಗ) ಕೂಡ ಹೆಚ್ಚು ಉಳಿಸಲಾರದು. ಒಂದೆರಡು ಸೆಲ್‌ಗಳಿಗಷ್ಟೇ ಕವಿದರೆ ಹಾಟ್‌ಸ್ಪಾಟ್ (ನೆರಳಾದ ಸೆಲ್ ಅತಿಯಾಗಿ ಕಾಯುವುದು) ಭಯ.

ಅಳೆಯುವವರಿಗೊಂದು ಮಾತು: ಶಾರ್ಟ್ ಸರ್ಕ್ಯೂಟ್ ಕರೆಂಟ್ (ಎರಡು ತುದಿ ನೇರ ಜೋಡಿಸಿದಾಗ ಹರಿಯುವುದು) ಒಂದನ್ನೇ ನೋಡಿದರೆ ಈ ನಷ್ಟ ಸರಿಯಾಗಿ ಕಾಣದು. ಪೂರ್ತಿ ಐ-ವಿ ಕರ್ವ್ (ಕರೆಂಟ್-ವೋಲ್ಟೇಜ್ ಗ್ರಾಫ್) ತೆಗೆದು, ಪಕ್ಕದ ಶುಭ್ರ ಪ್ಯಾನೆಲ್‌ನ ಗರಿಷ್ಠ ಪವರ್‌ಗೆ ಹೋಲಿಸಬೇಕು.

ಬೇಕಾಗಿರುವ ಮಾಹಿತಿ:

ನಸುಕಿನಲ್ಲಿ, ಇಬ್ಬನಿ ಆರುವ ಮುಂಚೆಯೇ ಅಂಚನ್ನಷ್ಟೇ ಮೃದು ನೈಲಾನ್ ಬ್ರಷ್‌ನಿಂದ ಉಜ್ಜಿದರೆ ಪಟ್ಟಿ ಬಿಡುತ್ತದೆಯೇ, ಗಾಜಿನ ಮೇಲಿನ ಆಂಟಿ-ರಿಫ್ಲೆಕ್ಟಿವ್ (ಬೆಳಕಿನ ಪ್ರತಿಫಲನ ತಗ್ಗಿಸುವ) ಲೇಪ ಸವೆಯುತ್ತದೆಯೇ? ನೀರು ಹಾಕಲೇಬೇಕಾದರೆ ಪ್ಯಾನೆಲ್‌ಗೆ ಎಷ್ಟು ಲೀಟರ್, ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) ಎಷ್ಟಿರಬೇಕು? ಬೋರ್‌ವೆಲ್ ನೀರು ಬೇಡ, ಅದರ ಕಲೆಯೇ ಹೊಸ ಪದರವಾಗುತ್ತದೆ. ಮಧ್ಯಾಹ್ನ ತೊಳೆಯುವ ಸಲಹೆಯೂ ಬೇಡ, ಕಾದ ಗಾಜು ತಣ್ಣೀರಿಗೆ ಬಿರಿಯಬಹುದು.

ಫ್ರೇಮಿನಂಚಿಗೆ ಸಿಕ್ಕಿಸಿ ನೀರು ಹೊರಹರಿಸುವ ಪ್ಲಾಸ್ಟಿಕ್ ಕ್ಲಿಪ್ ಬಳಸಿದವರಿದ್ದೀರಾ? ಹತ್ತಿರದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಅಂಥ ಬಿಸಿಲಿಗೆ ಕ್ಲಿಪ್ ತಾಳುತ್ತದೆಯೇ, ರೋಬೋಟ್ ಬ್ರಷ್‌ಗೆ ತಾಗುತ್ತದೆಯೇ? ಫೋಟೋ ಇದ್ದರೆ ಹಾಕಿ.