ಪಿಜೆ69-4ಎ ಈಸ್ಟ್: ಚಕ್ರೀಯ ಪೆಪ್ಟೈಡ್ ಇದ್ದರೂ ರಿಪೋರ್ಟರ್ ಜೀನ್ ಆಫ್ ಆಗುತ್ತಿಲ್ಲ

ಹುದುಗುಬಟ್ಟಲು:
ಒಂದು ಪ್ರೋಟೀನ್ (ಬೇಟ್) ಜೀನ್ ಆನ್ ಮಾಡುವ ಗ್ಯಾಲ್4ರ ಡಿಎನ್‌ಎ-ಬಂಧಕ ಭಾಗಕ್ಕೆ, ಇನ್ನೊಂದು (ಪ್ರೇ) ಅದರ ಸಕ್ರಿಯಕ ಭಾಗಕ್ಕೆ ಜೋಡಿಸಿದೆ; ಎರಡೂ ಕೂಡಿಕೊಂಡರೆ ರಿಪೋರ್ಟರ್ ಆನ್. ಇವೆರಡನ್ನು ಬಿಡಿಸಬೇಕಾದ 8 ಅಮೈನೋ ಆಮ್ಲಗಳ ಪೆಪ್ಟೈಡ್ ಎನ್‌ಪಿಯು ಡಿಎನ್‌ಎಇ ಸ್ಪ್ಲಿಟ್ ಇಂಟೀನ್‌ನಲ್ಲಿದೆ (ಎರಡು ತುಂಡಿನ ಪ್ರೋಟೀನ್, ತಾನೇ ಕಳಚಿಕೊಂಡು ನಡುವಿನ ಪೆಪ್ಟೈಡನ್ನು ಉಂಗುರ ಮಾಡುತ್ತದೆ): ಐಸಿ (ಇಂಟೀನಿನ ಸಿ-ತುದಿಯ ತುಂಡು), ಪೆಪ್ಟೈಡ್, ಐಎನ್ (ಎನ್-ತುದಿಯ ತುಂಡು), ಎಚ್‌ಎ ಟ್ಯಾಗ್ (ಪತ್ತೆಹಚ್ಚಲು ಗುರುತು), ಇದೇ ಕ್ರಮ. ಪೆಪ್ಟೈಡ್ ಶುರುವಾಗುವುದು ಸಿಸ್ಟೀನ್‌ನಿಂದ. ಇದೆಲ್ಲ ಯುರಾ3 ಜೀನ್ ಇರುವ ಪ್ಲಾಸ್ಮಿಡ್‌ನಲ್ಲಿದೆ; ಆನ್ ಮಾಡುವ ಸ್ವಿಚ್ಚು ಗ್ಯಾಲ್1 ಪ್ರೊಮೋಟರ್. 2% ರಾಫಿನೋಸ್‌ನಲ್ಲಿ ಬೆಳೆಸಿ, 2% ಗ್ಯಾಲಕ್ಟೋಸ್ ಹಾಕಿ 4 ಗಂಟೆ ಬಿಟ್ಟರೆ ಬೀಟಾ-ಗ್ಯಾಲಕ್ಟೋಸಿಡೇಸ್ (ರಿಪೋರ್ಟರ್ ಜೀನ್ ಲ್ಯಾಕ್‌ಝೆಡ್ ಮಾಡುವ ಕಿಣ್ವ) ತುಸು ಇಳಿದು ಅಲ್ಲೇ ನಿಲ್ಲುತ್ತದೆ. ಗ್ಯಾಲಕ್ಟೋಸ್ ಹೆಚ್ಚಿಸಲೇ?

ಇಂಟೀನ್‌ಪ್ರಿಯ:
ಎಷ್ಟು ಸುರಿದರೂ ಅಷ್ಟೆ. ಈ ತಳಿಯಲ್ಲಿ ಗ್ಯಾಲ್4, ಗ್ಯಾಲ್80 (ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್4 ಅನ್ನು ತಡೆಯುವುದು) ಎರಡೂ ಜೀನ್ ತೆಗೆದಿದ್ದಾರೆ. ಗ್ಯಾಲಕ್ಟೋಸ್ ಬಂದ ಸುದ್ದಿ ಪ್ರೊಮೋಟರ್‌ಗೆ ಮುಟ್ಟುವುದೇ ಇಲ್ಲ. ನಿಮ್ಮ ಗ್ಯಾಲ್1 ನಡೆಯುತ್ತಿರುವುದು ಬೇಟ್-ಪ್ರೇ ಜೋಡಿಯ ಬಲದಿಂದಲೇ. ಪೆಪ್ಟೈಡ್ ಆ ಜೋಡಿಯನ್ನು ಬಿಡಿಸಿದಷ್ಟೂ ತನ್ನ ತಯಾರಿಕೆಯನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಕುಳಿತ ಕೊಂಬೆಯನ್ನೇ ಕಡಿದ ಹಾಗೆ! ಅದಕ್ಕೇ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಪ್ರೊಮೋಟರನ್ನು ತಾಮ್ರದಿಂದ ಆನ್ ಆಗುವ ಸಿಯುಪಿ1ಗೆ ಬದಲಿಸಿ, 2% ಗ್ಲೂಕೋಸ್‌ನಲ್ಲೇ ಬೆಳೆಸಿ. ತಾಮ್ರದ ಸಲ್ಫೇಟ್ 0, 25, 50, 100 ಮೈಕ್ರೋಮೋಲಾರ್ ನೋಡಿ. ಪೆಪ್ಟೈಡ್ ಇಲ್ಲದ ಖಾಲಿ ಪ್ಲಾಸ್ಮಿಡ್‌ಗೂ ಅದೇ ತಾಮ್ರ ಕೊಡಬೇಕು, ಇಲ್ಲದಿದ್ದರೆ ತಾಮ್ರದ ವಿಷವನ್ನೇ ಪೆಪ್ಟೈಡಿನ ಕೆಲಸ ಅಂದುಕೊಳ್ಳುತ್ತೀರಿ. ಈಸ್ಟ್ ಬೆಳೆಸುವ ಮಾಧ್ಯಮದ ಮಾಮೂಲಿ ಪುಡಿ, ಯೀಸ್ಟ್ ನೈಟ್ರೋಜನ್ ಬೇಸ್‌ನಲ್ಲೇ ಲೀಟರಿಗೆ 40 ಮೈಕ್ರೋಗ್ರಾಂ ತಾಮ್ರದ ಸಲ್ಫೇಟ್ ಇರುತ್ತದೆ. ಸೋರಿಕೆ (ತಾಮ್ರ ಹಾಕದೆಯೂ ತುಸು ಆನ್ ಆಗುವುದು) ಬೇಡವೆಂದರೆ ತಾಮ್ರವಿಲ್ಲದ್ದನ್ನು ತರಿಸಿ.

ಪ್ಲೇಟ್‌ಪಟ್ಟಿ:
ಇನ್ನೊಂದು ಮೋಸ ಅಳತೆಯಲ್ಲಿದೆ. ಬೀಟಾ-ಗ್ಯಾಲಕ್ಟೋಸಿಡೇಸ್ ಈಸ್ಟ್‌ನಲ್ಲಿ ಬಹಳ ಹೊತ್ತು ಕೆಡದೆ ಉಳಿಯುತ್ತದೆ. ಜೀನ್ ಪೂರ್ತಿ ನಿಂತರೂ ಹಳೆಯ ಕಿಣ್ವ ಕೋಶ ವಿಭಜನೆಯಿಂದ ಹಂಚಿಹೋಗಬೇಕಷ್ಟೆ: ಒಡಿ (ಕೋಶಗಳ ಸಾಂದ್ರತೆಯ ಅಳತೆ) 0.1ರಿಂದ 0.8ಕ್ಕೆ ಬಂದಾಗ ಮೂರು ದ್ವಿಗುಣ, ಆಗಲೂ ಪ್ರತಿ ಕೋಶದಲ್ಲಿ 12.5% ಉಳಿದಿರುತ್ತದೆ. 4 ಗಂಟೆಗೆ ತೀರ್ಪು ಕೊಡಬೇಡಿ. ಅವಸರವಿದ್ದರೆ ಲ್ಯಾಕ್‌ಝೆಡ್ ಆರ್‌ಎನ್‌ಎಯನ್ನು ಆರ್‌ಟಿ-ಕ್ಯೂಪಿಸಿಆರ್‌ನಲ್ಲಿ ಅಳೆಯಿರಿ.

ಹುದುಗುಬಟ್ಟಲು:
ಸರಿ, ಸಿಯುಪಿ1 ಕ್ಲೋನ್ ಮಾಡುತ್ತೇನೆ. ಈಗಿನ ಎಚ್‌ಎ ವೆಸ್ಟರ್ನ್‌ನಲ್ಲಿ (ಎಚ್‌ಎ ಟ್ಯಾಗ್ ಇರುವ ಪ್ರೋಟೀನನ್ನು ಗಾತ್ರದ ಪ್ರಕಾರ ತೋರಿಸುವ ಪರೀಕ್ಷೆ) ಸುಮಾರು 13 ಕಿಲೋಡಾಲ್ಟನ್ ಬ್ಯಾಂಡ್ ಇದೆ. ಉಂಗುರ ಆಗಿದೆ ಅಂತಲೇ ತಾನೆ?

ಇಂಟೀನ್‌ಪ್ರಿಯ:
ಅಲ್ಲ. ಐಎನ್ ಕಳಚಿಕೊಂಡಿದೆ ಅಂತ ಮಾತ್ರ. ಉಂಗುರವಾಗುವ ಮೊದಲು ಬರುವ ಥಯೋಎಸ್ಟರ್ ಬಂಧ ನೀರಿನಿಂದ ಒಡೆದರೂ ಅದೇ ಬ್ಯಾಂಡ್ ಬರುತ್ತದೆ, ಆಗ ಸಿಗುವುದು ನೇರ ಪೆಪ್ಟೈಡ್. ಮಾಸ್ ಸ್ಪೆಕ್‌ನಲ್ಲಿ ಉಂಗುರ ನೇರ ರೂಪಕ್ಕಿಂತ 18 ಡಾಲ್ಟನ್ ಕಡಿಮೆ ತೂಗಬೇಕು.

ಐಎನ್‌ನ 1ನೇ ಸಿಸ್ಟೀನನ್ನೂ ಐಸಿಯ ಕೊನೆಯ ಆಸ್ಪರಾಜಿನನ್ನೂ ಅಲನಿನ್‌ಗೆ ಬದಲಿಸಿದ ಕಂಟ್ರೋಲ್ ಒಂದು ಕಡ್ಡಾಯ. ಅದರಲ್ಲಿ ಸುಮಾರು 17 ಕಿಲೋಡಾಲ್ಟನ್‌ನ ಇಡೀ ಪ್ರೋಟೀನ್ ಹಾಗೇ ಉಳಿಯಬೇಕು. ಅದರಲ್ಲೂ ರಿಪೋರ್ಟರ್ ಇಳಿದರೆ ಕಾರಣ ಉಂಗುರವಲ್ಲ.

ಪ್ಲೇಟ್‌ಪಟ್ಟಿ:
ರಿಪೋರ್ಟರ್ ಆಫ್ ಆದ ಕಾಲೊನಿಯನ್ನು ಲೀಟರಿಗೆ 1 ಗ್ರಾಂ 5-ಎಫ್‌ಒಎ (ಯುರಾ3 ಇರುವ ಕೋಶಗಳಿಗೆ ವಿಷವಾಗುವ ರಾಸಾಯನಿಕ) ಇರುವ, ಯುರಾಸಿಲ್ ಸೇರಿಸಿದ ಪ್ಲೇಟ್‌ನಲ್ಲಿ ಗೀಚಿ. ಯುರಾ3 ಪ್ಲಾಸ್ಮಿಡ್ ಕಳೆದುಕೊಂಡವು ಮಾತ್ರ ಬೆಳೆಯುತ್ತವೆ. ಆಮೇಲೂ ರಿಪೋರ್ಟರ್ ಮರಳದಿದ್ದರೆ ಬೇಟ್ ಅಥವಾ ಪ್ರೇಯಲ್ಲಿ ಮ್ಯುಟೇಶನ್ ಹುಡುಕಿ.